ಟಾರ್ಪಾಲಿಗೆ ಹಾಕಿದ ಹೊಲಿಗೆ

ಬೇಡದ ಸಾಮಾನು ಎನ್ನುವುದು ಬೇಕಾಗುವ ದಿನ ಬರುವವರೆಗೆ ಮಾತ್ರ ಬೇಡದ್ದು. ಈ ಮಾತು ಟೈಲರಮ್ಮನ ತಲೆಗೆ ಹೋಗಲು ಮನೆಯ ಸೂರೇ ಒಡೆಯಬೇಕಾಯಿತು.

ಅವಳ ಗಂಡ ಲಾರಿ ಡ್ರೈವರು. ಲಾರಿಗೆ ಹೊದಿಸಿ ಹೊದಿಸಿ ಹಳತಾದ ಟಾರ್ಪಾಲುಗಳನ್ನು ಎಸೆಯಲು ಮನಸ್ಸು ಬಾರದೆ ಮನೆಗೆ ತಂದು, ಮಂಚದ ಕೆಳಗೆ ತುರುಕಿ, "ಇರಲಿ ಬಿಡು, ಯಾವತ್ತಾದ್ರೂ ಉಪಯೋಗಕ್ಕೆ ಬರುತ್ತೆ" ಎನ್ನುವುದು ಅವನ ಚಾಳಿ. ಕಸ ಗುಡಿಸುವಾಗಲೆಲ್ಲ ಪೊರಕೆಗೆ ಅವೇ ಅಡ್ಡ ಬರುತ್ತಿದ್ದವು. ಡೀಸೆಲ್ಲು, ಧೂಳು, ಎಲ್ಲೆಲ್ಲಿಯದೋ ಮಳೆ, ಎಲ್ಲ ಸೇರಿದ ವಾಸನೆ ಬೇರೆ. ಗಂಡನ ಜಿಪುಣತನಕ್ಕೂ ಟಾರ್ಪಾಲಿನ ವಾಸನೆಗೂ ಸೇರಿಸಿ ಅವಳು ಒಂದೇ ಬೈಗುಳದಲ್ಲಿ ಕೆಲಸ ಮುಗಿಸುತ್ತಿದ್ದಳು. ಎರಡು ಸಲ ಅವನ್ನು ಗುಜರಿಯವನಿಗೆ ಕೊಡಲು ಹೊರಟದ್ದೂ ಉಂಟು. ಎರಡೂ ಸಲ ಗುಜರಿಯವನೇ ಮೂಗು ಮುಚ್ಚಿಕೊಂಡು ಬೇಡ ಎಂದಿದ್ದ. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ ಎಂದು ಈಗ ಅವಳು ಹರಸುತ್ತಾಳೆ.

ಮನೆ ಎಂದರೆ ಒಂದರ ಹಿಂದೊಂದು ಮೂರು ಕೋಣೆ. ಬೀದಿಯ ಕಡೆಗೆ ಹೊಲಿಗೆ ಮಷೀನಿನ ಅಂಗಡಿ, ನಡುವೆ ಅಡುಗೆ, ಊಟ, ನಿದ್ದೆ ಎಲ್ಲಕ್ಕೂ ಒಂದೇ ಕೋಣೆ, ಹಿಂದೆ ಅತ್ತೆಯ ಕೋಣೆ. ಮುಂದಿನ ಎರಡಕ್ಕೆ ತಾರಸಿ. ಹಿಂದಿನದು ಆಮೇಲೆ ಕಟ್ಟಿದ್ದು, ಅದಕ್ಕೆ ಸಿಮೆಂಟ್ ಶೀಟು. ಆ ಕೋಣೆಯಲ್ಲಿ ಒಂದು ಮಂಚ, ಒಂದು ಬೀರು, ಇವೆರಡರ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಮಂಚವನ್ನು ಪಕ್ಕದ ಮನೆಯ ಬಡಗಿಯ ತಂದೆ ಕೋಣೆಯೊಳಗೇ ಕೂತು ಮಾಡಿದ್ದು. ಮಾಡಿ ಮುಗಿಸಿದ ಮೇಲೆ ನೋಡಿದರೆ ಅದು ಬಾಗಿಲಿಗಿಂತ ಅಗಲ. ಅಂದಿನಿಂದ ಆ ಮಂಚ ಆ ಕೋಣೆ ಬಿಟ್ಟು ಅಲುಗಿಲ್ಲ.

ಈಗ ಅತ್ತೆಯೂ ಅಲುಗುವಂತಿರಲಿಲ್ಲ. ಸ್ಟೂಲ್ ಹತ್ತಿ ಅಟ್ಟದ ಮೇಲಿನ ದಾರದ ಡಬ್ಬಿ ತೆಗೆಯಲು ಹೋಗಿ ಬಿದ್ದು, ಬಲಗಾಲಿಗೆ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. "ಒಂದು ಮಾತು ಕೂಗಿದ್ರೆ ನಾನು ಬಂದು ತೆಗೆದುಕೊಡ್ತಿರ್ಲಿಲ್ವಾ ಅತ್ತೆ" ಎಂದು ಸೊಸೆ ಅತ್ತರೆ, "ನೀನು ತೆಗೆದುಕೊಡೋ ಹೊತ್ತಿಗೆ ನಾನು ಬಿದ್ದೂ ಆಗಿತ್ತು" ಎಂದಿದ್ದರು ಅತ್ತೆ. ಡಾಕ್ಟರು ಮಾತ್ರ ನಗಲಿಲ್ಲ. ಮೂಳೆ ಕೂಡುವವರೆಗೆ ಅಲುಗಾಡಿಸಬೇಡಿ, ಪ್ಲಾಸ್ಟರಿಗೆ ನೀರು ತಾಗಿಸಬೇಡಿ, ನೆನೆದರೆ ಅದು ಮೆತ್ತಗಾಗುತ್ತದೆ, ಮೂಳೆ ಡೊಂಕಾಗಿ ಕೂಡುತ್ತದೆ ಎಂದು ಎರಡೆರಡು ಸಲ ಹೇಳಿ ಕಳಿಸಿದ್ದರು. ಡೊಂಕಾದರೆ ಕೋಲು ಹಿಡಿದು ನಡೆಯಬಹುದು, ಆದರೆ ಮಷೀನು ತುಳಿಯುವುದನ್ನು ಮರೆತುಬಿಡಿ ಎಂದೂ ಸೇರಿಸಿದ್ದರು. ಅದನ್ನು ಕೇಳಿದಾಗ ಮಾತ್ರ ಅತ್ತೆ ಗೋಡೆಯ ಕಡೆ ತಿರುಗಿದ್ದರು.

ಏಕೆಂದರೆ ಆ ಮಷೀನು ಅತ್ತೆಯದು. ಅಂಗಡಿಯಲ್ಲಿ ಈಗ ಸೊಸೆಯ ಕೆಲಸವೇ ಹೆಚ್ಚಿದ್ದರೂ, ಬೀದಿಯವರೆಲ್ಲ ಸೊಸೆಯನ್ನೇ ಟೈಲರಮ್ಮ ಎಂದು ಕರೆದರೂ, ಕಸುಬು ಹೇಳಿಕೊಟ್ಟವರು ಅತ್ತೆ. ಮದುವೆಯಾಗಿ ಬಂದಾಗ ಅವಳಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಕಲಿಸುವಾಗ ಅತ್ತೆಯ ಬಾಯಲ್ಲಿ ಇದ್ದದ್ದು ಒಂದೇ ಪಾಠ, ಒಂದೇ ಮಾತು: "ಬಿಚ್ಚು." ಹೊಲಿಗೆ ಒಂದು ಎಳೆ ಆಚೀಚೆ ಹೋದರೆ, ಬಿಚ್ಚು. ಕಂಕುಳ ಹತ್ತಿರ ಒಂದು ನಿರಿಗೆ ಬಿದ್ದರೆ, ಬಿಚ್ಚು. ಮಷೀನು ಸರಿ ಇಲ್ಲ ಎಂದು ಬಾಯಿ ತೆರೆದರೆ, "ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಬಿಚ್ಚು." ವರ್ಷಗಟ್ಟಲೆ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು ಎಂದು ಅವಳು ತವರಿನಲ್ಲಿ ಹೇಳಿಕೊಂಡು ಅತ್ತಿದ್ದಳು. ಆಮೇಲಾಮೇಲೆ ಅವಳ ಕೈ ಕುದುರಿತು, ಗಿರಾಕಿಗಳು ಅವಳನ್ನೇ ಕೇಳಿಕೊಂಡು ಬರತೊಡಗಿದರು. ಅತ್ತೆ ಮಾತ್ರ ಚೆನ್ನಾಗಿದೆ ಎಂದು ಒಂದು ದಿನವೂ ಅನ್ನಲಿಲ್ಲ. ಹೊಲಿದದ್ದನ್ನು ತಿರುಗಿಸಿ ಮುರುಗಿಸಿ ನೋಡಿ, ಮಾತಾಡದೆ ಪಕ್ಕಕ್ಕಿಟ್ಟರೆ ಅದೇ ಬಿರುದು, ಅದೇ ಬಹುಮಾನ.

ಈಗ ಮಲಗಿದಲ್ಲಿಂದಲೂ ಅತ್ತೆಯ ಆಡಳಿತಕ್ಕೇನೂ ಕುಂದು ಬಂದಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಮಾವನ ಕಾಲದ ಒಂದು ಉದ್ದ ಕೊಡೆ. ಏನು ಬೇಕಾದರೂ ಅದರ ಹಿಡಿಯಿಂದ ಗೋಡೆಗೆ ಠಕ್ ಠಕ್ ಎಂದು ಬಡಿಯುವುದು. ಎರಡು ಬಡಿದರೆ ನೀರು, ಮೂರು ಬಡಿದರೆ ಬಾ, ಬಿಡದೆ ಬಡಿದರೆ ಎಲ್ಲಿ ಹಾಳಾಗಿ ಹೋದೆ ಎಂದರ್ಥ. ಗೋಡೆಯ ಸುಣ್ಣ ಆ ಜಾಗದಲ್ಲಿ ಎದ್ದು ಹೋಗಿತ್ತು.

ಆ ದಿನ ಬೆಳಿಗ್ಗೆ ಟೈಲರಮ್ಮ ಒಲೆಯ ಮೇಲೆ ಟೀಗೆ ಇಟ್ಟಿದ್ದಳು. ರಾತ್ರಿಯೆಲ್ಲ ಬೀಸಿದ ಗಾಳಿ ಇನ್ನೂ ನಿಂತಿರಲಿಲ್ಲ. ಹಿತ್ತಲಿನ ಮರದ ಕೊಂಬೆ ಲಟಲಟ ಎಂದದ್ದು ಕೇಳಿಸಿತು, ಆಮೇಲೆ ಒಂದು ಸದ್ದು. ಅವಳ ಜೀವ ಬಾಯಿಗೆ ಬಂತು. ಓಡಿ ಹೋಗಿ ನೋಡಿದರೆ ಅತ್ತೆಯ ಮಂಚದ ಮೇಲ್ಗಡೆ ಎರಡು ಶೀಟು ಒಡೆದು, ಕೊಂಬೆಯ ತುದಿ ಒಳಗೆ ಇಣುಕುತ್ತಿತ್ತು. ಚೂರುಗಳು ಬೀರುವಿನ ಮೇಲೆ, ನೆಲದ ಮೇಲೆ. ಮಂಚದ ಮೇಲೆ ಹಿಡಿ ಧೂಳು ಬಿಟ್ಟರೆ ಏನೂ ಬಿದ್ದಿರಲಿಲ್ಲ. ಅತ್ತೆ ಮೇಲೆ ನೋಡುತ್ತ ಮಲಗಿದ್ದರು.

"ಆಕಾಶ ಕಾಣ್ತಿದೆ ಕಣೇ," ಎಂದರು. "ಟೀ ಆಯ್ತಾ?"

ಅವಳು ಅಲ್ಲೇ ಕುಸಿದು, ಮಂಚದ ಕಾಲು ಹಿಡಿದುಕೊಂಡು ಅತ್ತಳು. ಒಂದು ಗೇಣು ಈಚೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆಯಲೂ ಹೆದರಿ, ಯಾರಿಗೆ ಎಂದು ಗೊತ್ತಿಲ್ಲದೆ ಕೈ ಮುಗಿದಳು. ಟೀ ಉಕ್ಕಿ ಒಲೆಯೆಲ್ಲ ರಾಮಾರಂಪವಾಯಿತು.

ಶೀಟಿನ ಮೇಸ್ತ್ರಿಗೆ ಫೋನ್ ಮಾಡಿದರೆ ಅವನು, "ಊರಿಗೆ ಊರೇ ಹಾರಿಹೋಗಿದೆ ಅಮ್ಮಾ, ಈ ವಾರ ಆಗಲ್ಲ. ಅಲ್ಲೀವರೆಗೆ ಏನಾದ್ರೂ ಹೊದಿಸ್ಕೊಳ್ಳಿ" ಎಂದ. ಅತ್ತೆಯನ್ನು ಎತ್ತಿ ಬೇರೆ ಕೋಣೆಗೆ ತರೋಣ ಎಂದರೆ ಅಲುಗಾಡಿಸಬೇಡಿ ಎಂಬ ಡಾಕ್ಟರ ಮಾತು ಕಣ್ಣ ಮುಂದೆ. ಮಂಚ ಸರಿಸೋಣ ಎಂದರೆ ಜಾಗವಿಲ್ಲ. ಆಕಾಶ ನೋಡಿದರೆ ಮಧ್ಯಾಹ್ನದೊಳಗೆ ಸುರಿಯುವ ಬಣ್ಣ. ಗಂಡನಿಗೆ ಫೋನ್ ಮಾಡಿದಳು. ಅವನು ಎರಡು ದಿನದ ದಾರಿಯಾಚೆ ಲೋಡು ಇಳಿಸಲು ಕಾಯುತ್ತ ಕೂತಿದ್ದ. ಅವ್ವ ಹೇಗಿದ್ದಾಳೆ ಎಂದು ಮೂರು ಸಲ ಕೇಳಿದ. ಆಮೇಲೆ ಮೆಲ್ಲಗೆ, "ಮಂಚದ ಕೆಳಗೆ ಎರಡು ಟಾರ್ಪಾಲು ಇದೆ ನೋಡು" ಎಂದ.

ಆ ದನಿಯಲ್ಲಿದ್ದ ಗೆಲುವನ್ನು ಅವಳು ಗುರುತಿಸದೆ ಇರಲಿಲ್ಲ.

"ಇದೆ ರೀ," ಎಂದಳು. "ಪುಣ್ಯಕ್ಕೆ ಇದೆ."

ಇಷ್ಟು ವರ್ಷದಲ್ಲಿ ಅವಳು ಗಂಡನ ಮಾತಿಗೆ ಇಷ್ಟು ಬೇಗ ಒಪ್ಪಿದ್ದು ಅದೇ ಮೊದಲು.

ಎರಡೂ ಟಾರ್ಪಾಲನ್ನು ಅಂಗಡಿಯ ನೆಲದ ಮೇಲೆ ಹರವಿದಳು. ಒಂದು ನೀಲಿ, ಒಂದು ಹಸಿರು. ಯಾವುದೊಂದೂ ತೂತಿಗೆ ಸಾಲದು. ಎರಡೂ ಸೇರಿದರೆ ಧಾರಾಳ. ಅಷ್ಟರಲ್ಲಿ ಸುದ್ದಿ ಕೇಳಿ ಪಕ್ಕದ ಮನೆಯ ಬಡಗಿ ಬಂದ. ಬೀದಿಯವರು ಅವನನ್ನು ಇಂಚುಪಟ್ಟಿ ಎನ್ನುತ್ತಿದ್ದರು, ಏಕೆಂದರೆ ಮಾತಾಡುವಾಗಲೂ ಏನನ್ನಾದರೂ ಅಳೆಯದೆ ಅವನಿಗೆ ಮಾತು ಹೊರಡುತ್ತಿರಲಿಲ್ಲ. ಬಾಗಿಲಿಗೆ ಹಿಡಿಸದ ಮಂಚ ಮಾಡಿದ ತಂದೆಯ ಮಗನಲ್ಲವೇ, ಆ ಅವಮಾನ ಅವನನ್ನು ಜೀವನಪೂರ್ತಿ ಅಳೆಯುವಂತೆ ಮಾಡಿತ್ತು.

"ಏಣಿ ಇದೆ, ಹಲಗೆ ಇದೆ, ಹಗ್ಗ ಇದೆ," ಎಂದ. "ನನ್ನ ಮೊಣಕಾಲು ಮಾತ್ರ ಇಲ್ಲ ತಂಗಿ. ಮೇಲೆ ಹತ್ತೋಕಾಗಲ್ಲ. ಕೆಳಗೆ ನಿಂತು ಏಣಿ ಹಿಡೀತೀನಿ."

"ಅಷ್ಟು ಮಾಡಿದ್ರೆ ಸಾಕಣ್ಣ. ನಾನು ಹತ್ತುತೀನಿ."

"ಎರಡನ್ನೂ ಒಂದರ ಮೇಲೊಂದು ಒಂದು ಮೊಳ ಹತ್ತಿಸಿ ಹಾಸಿದ್ರೆ ಸರಿಹೋಗುತ್ತೆ," ಎಂದು ಅಳೆದು ಹೇಳಿ, ಏಣಿ ತರಲು ಹೋದ.

ಇಲ್ಲೇ ಎಡವಟ್ಟಾದದ್ದು. ಬೇರೆ ಯಾರಾದರೂ ಆಗಿದ್ದರೆ ಅವನು ಹೇಳಿದಂತೆ ಹಾಸಿ, ಕಲ್ಲು ಹೇರಿ, ಇಳಿದು ಬರುತ್ತಿದ್ದರು. ಆದರೆ ಟೈಲರಮ್ಮನ ಕಣ್ಣಿಗೆ ಎರಡು ತುಂಡು ಬಟ್ಟೆ ಅಕ್ಕಪಕ್ಕ ಬಿದ್ದಿದ್ದರೆ ಅದು ಮುಗಿಯದ ಕೆಲಸ. ಸುಮ್ಮನೆ ಒಂದರ ಮೇಲೊಂದು ಹಾಸಿದರೆ ಗಾಳಿ ನಡುವೆ ಕೈ ಹಾಕಿ ಎಬ್ಬಿಸುವುದಿಲ್ಲವೇ? ಮಷೀನು ಎದುರಿಗೇ ಇದೆ, ದಾರವಿದೆ, ಕೈಯಲ್ಲಿ ಕಸುಬಿದೆ. ದಪ್ಪ ಸೂಜಿ ಹಾಕಿದಳು. ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಎರಡರ ಅಂಚನ್ನೂ ಒಂದರೊಳಗೊಂದು ಮಡಚಿ, ಆ ಗೋಣಿಯಂಥ ಟಾರ್ಪಾಲನ್ನು ಹೆಗಲ ಮೇಲೆ ಹೊತ್ತು, ಒಂದು ಕಡೆಯಿಂದ ಮಷೀನಿಗೆ ತಿನ್ನಿಸುತ್ತ ಇನ್ನೊಂದು ಕಡೆಯಿಂದ ಎಳೆಯುತ್ತ ಹೊಲಿದಳು. ಗಟ್ಟಿ ನಿಲ್ಲಲಿ ಎಂದು ಸಣ್ಣ ಸಣ್ಣ ಹೊಲಿಗೆ ಹಾಕಿದಳು. ಹೊಲಿಗೆ ಸಣ್ಣದಾದಷ್ಟೂ ಬಿಗಿ ಹೆಚ್ಚು ಎಂದು ಅತ್ತೆಯೇ ಕಲಿಸಿದ್ದು. ಬೆವರು ಸುರಿಯಿತು, ಬೆರಳು ಉರಿಯಿತು, ಆದರೆ ಮುಗಿಸಿ ನೋಡಿದಾಗ ಅವಳಿಗೇ ಮೈ ಝುಂ ಎಂದಿತು. ಅಷ್ಟು ದಪ್ಪ ಟಾರ್ಪಾಲಿನ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಹೊಲಿಗೆ ನೂಲು ಹಿಡಿದಂತೆ ನೇರ.

ಏಣಿ ಹೊತ್ತು ಬಂದ ಇಂಚುಪಟ್ಟಿಯೂ ಅದನ್ನು ನೋಡಿ, ಅಳತೆ ಪಟ್ಟಿ ಇಟ್ಟು ಪರೀಕ್ಷೆ ಮಾಡಿ, "ಒಂದು ಕೂದಲೆಳೆ ಆಚೀಚೆ ಇಲ್ಲ ತಂಗಿ" ಎಂದು ತಲೆದೂಗಿದ. ಮರ ಕೊಯ್ಯುವವನಿಗೆ ಹೊಲಿಗೆಯ ಚಂದ ಕಂಡಿತೇ ಹೊರತು ಸೂಜಿ ಮಾಡಿದ ಗಾಯ ಕಾಣಲಿಲ್ಲ. ಹೊಲಿದವಳಿಗೂ ಕಾಣಲಿಲ್ಲ. ಬಟ್ಟೆಗೆ ಬಿದ್ದ ತೂತನ್ನು ದಾರ ತುಂಬುತ್ತದೆ, ಟಾರ್ಪಾಲಿಗೆ ಬಿದ್ದ ತೂತು ತೂತಾಗಿಯೇ ಉಳಿಯುತ್ತದೆ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಶೀಟಿನ ಮೇಲೆ ಎಲ್ಲೆಂದರಲ್ಲಿ ಕಾಲಿಡುವಂತಿಲ್ಲ, ಬೋಲ್ಟು ಇರುವ ಸಾಲಿನ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆಯೇ ತೆವಳಬೇಕು ಎಂದು ಇಂಚುಪಟ್ಟಿ ಕೆಳಗಿನಿಂದ ಕೂಗಿ ಕೂಗಿ ಹೇಳಿದ. ಗರಗಸದಿಂದ ಕೊಂಬೆ ಕತ್ತರಿಸಿ ಆಚೆ ಉರುಳಿಸಿದಳು. ತೂತಿನಿಂದ ಒಳಗೆ ನೋಡಿದರೆ ಅತ್ತೆಯ ಮುಖ ನೇರ ಕೆಳಗೆ. ಕೊಡೆಯನ್ನು ಎದೆಯ ಮೇಲಿಟ್ಟುಕೊಂಡು, ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಮೇಲೆ ನೋಡುತ್ತಿದ್ದರು.

"ನಿನ್ನ ಅಂಗಾಲು ಕಾಣ್ತಿದೆ," ಎಂದರು ಅತ್ತೆ. "ಬಿರುಕು ಬಿಟ್ಟಿದೆ. ಎಣ್ಣೆ ಹಚ್ಚಬಾರದಾ?"

"ಇಳಿದು ಬಂದು ಹಚ್ತೀನಿ ಅತ್ತೆ. ಕಣ್ಣು ಮುಚ್ಕೊಳ್ಳಿ, ಧೂಳು ಬೀಳುತ್ತೆ."

"ಆ ಕಡೆ ಎಳಿ. ಇನ್ನೂ ಎಳಿ. ಅಯ್ಯೋ, ಆ ಕಡೆ ಅಂದ್ರೆ ಬೀರು ಕಡೆ."

ಹೀಗೆ ಕೆಳಗಿನಿಂದ ಅತ್ತೆ, ಹೊರಗಿನಿಂದ ಬಡಗಿ, ಇಬ್ಬರ ಆಜ್ಞೆಯ ನಡುವೆ ಸೊಸೆ ಟಾರ್ಪಾಲು ಹಾಸಿದಳು. ಕೋಣೆಯ ಬೆಳಕು ಅರ್ಧ ನೀಲಿ, ಅರ್ಧ ಹಸಿರಾಯಿತು. ನಾಲ್ಕು ಮೂಲೆಗೂ ಹಗ್ಗ ಕಟ್ಟಿ, ಅಂಚಿಗೆ ಮರಳು ತುಂಬಿದ ಚೀಲ ಹೇರಿದಳು. ಎಲ್ಲ ಮುಗಿಯಿತು ಎನ್ನುವಾಗ ಗಾಳಿ ಒಮ್ಮೆ ಜೋರಾಗಿ ಬೀಸಿ ಟಾರ್ಪಾಲಿನ ಅಂಚು ಅವಳ ಮುಖಕ್ಕೆ ಬಡಿಯಿತು. ಕಾಲು ಹಲಗೆಯಿಂದ ಜಾರಿತು. ಶೀಟಿನ ಮೇಲೆ ಸರ್‍ರನೆ ಜಾರಿ ಅಂಚಿಗೆ ಬಂದವಳು, ಕೈಗೆ ಸಿಕ್ಕ ಹಗ್ಗವನ್ನು ಗಪ್ಪನೆ ಹಿಡಿದಳು. ಹಗ್ಗ ತಡೆಯಿತು. ಕೆಳಗೆ ಇಂಚುಪಟ್ಟಿ, "ತಂಗೀ" ಎಂದು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು.

ಅವಳು ಏಣಿ ಇಳಿದು ನೆಲ ಮುಟ್ಟಿದ ಮೇಲೂ ಇಂಚುಪಟ್ಟಿ ಏಣಿ ಬಿಡಲಿಲ್ಲ.

"ನೀವಿಲ್ದಿದ್ರೆ ಇವತ್ತು ನಮ್ಮ ಗತಿ ಏನಾಗ್ತಿತ್ತೋ ಅಣ್ಣ," ಎಂದಳು.

"ಮಂಚ ಬಾಗಿಲಿಗೆ ಹಿಡಿಸಿದ್ರೆ ಇಷ್ಟೆಲ್ಲ ಇರ್ತಾನೇ ಇರ್ಲಿಲ್ಲ," ಎಂದ ಅವನು, ತಂದೆಯ ಪರವಾಗಿ ತಪ್ಪೊಪ್ಪಿಕೊಳ್ಳುವ ಹಾಗೆ. "ಏಣಿ ಇಲ್ಲೇ ಇರಲಿ. ಹತ್ತಿದ ಮೇಲೆ ಏಣಿ ಒದೆಯೋ ಜನ ಅಲ್ಲ ನೀವು."

ಒಳಗೆ ಹೋದರೆ ಅತ್ತೆ ಟಾರ್ಪಾಲನ್ನೇ ದಿಟ್ಟಿಸುತ್ತಿದ್ದರು. ಸದ್ದು ಕೇಳಿರಬೇಕು ಎಂದು ಅವಳಿಗೆ ಅನ್ನಿಸಿತು. ಆದರೆ ಅತ್ತೆ, "ಕಾಲು ನೋಡ್ಕೊಂಡು ಇಡಬಾರದಾ" ಎಂದಷ್ಟೇ ಹೇಳಿದರು. ಎಂದಿನಂತೆ ಒರಟಾಗಿಯೇ ಹೇಳಿದರು, ಆದರೆ ಅವಳ ಮುಖ ನೋಡದೆ ಹೇಳಿದರು. ಅವಳು ಅದನ್ನು ಬೈಗುಳದ ಲೆಕ್ಕಕ್ಕೇ ಸೇರಿಸಿಕೊಂಡಳು.

ಊಟ ಮುಗಿಯುವಷ್ಟರಲ್ಲಿ ಮಳೆ ಬಂತು. ಬಂತು ಎಂದರೆ ಯಾರೋ ಮೇಲಿನಿಂದ ಕೊಡ ಮಗುಚಿದ ಹಾಗೆ ಬಂತು. ಕರೆಂಟು ಹೋಯಿತು. ಅವಳು ಮೊದಲು ಅತ್ತೆಯ ಕೋಣೆಗೆ ಓಡಿ ತಲೆಯೆತ್ತಿ ನೋಡಿದಳು. ಟಾರ್ಪಾಲು ಪಟಪಟ ಎನ್ನುತ್ತಿತ್ತು, ಒಂದು ಹನಿಯೂ ಇರಲಿಲ್ಲ.

"ನಿಂತ್ಕೊಂಡು ಏನು ನೋಡ್ತೀಯಾ," ಎಂದರು ಅತ್ತೆ. "ಅಂಗಡಿಗೆ ನೀರು ನುಗ್ಗುತ್ತೆ, ಗಿರಾಕಿಗಳ ಬಟ್ಟೆ ಇದೆ. ಹೋಗು. ಬಾಗಿಲು ಎಳ್ಕೊಂಡು ಹೋಗು, ಗಾಳಿ ಬರುತ್ತೆ."

ಅತ್ತೆ ಹೇಳಿದ್ದು ಸರಿಯೇ ಆಗಿತ್ತು. ಬೀದಿಯ ಚರಂಡಿ ತುಂಬಿ ನೀರು ಹೊಸ್ತಿಲು ದಾಟುತ್ತಿತ್ತು. ಅವಳು ಗೋಣಿಚೀಲ ಅಡ್ಡ ಹಾಕಿದಳು. ಕೆಳಗಿದ್ದ ಬಟ್ಟೆಯ ಗಂಟುಗಳನ್ನೆಲ್ಲ ಮೇಜಿನ ಮೇಲೆ, ಮಷೀನಿನ ಮೇಲೆ ಏರಿಸಿದಳು. ಪೊರಕೆ ಹಿಡಿದು ನೀರನ್ನು ಆಚೆ ತಳ್ಳಿದಳು, ಅದು ಮತ್ತೆ ಒಳಗೆ ಬಂತು, ಮತ್ತೆ ತಳ್ಳಿದಳು. ಕೈ ಕೆಲಸದಲ್ಲಿದ್ದರೂ ಕಿವಿ ಹಿಂದಿನ ಗೋಡೆಯ ಮೇಲಿತ್ತು. ಠಕ್ ಎಂದರೆ ಸಾಕು, ಎಲ್ಲ ಬಿಟ್ಟು ಓಡಲು ತಯಾರಾಗಿದ್ದಳು.

ಠಕ್ ಎನ್ನಲಿಲ್ಲ.

ನಡುವೆ ಒಮ್ಮೆ ಮನಸ್ಸು ತಡೆಯದೆ ಹೋಗಿ, ಮುಚ್ಚಿದ ಬಾಗಿಲಿನಾಚೆ ನಿಂತು ಕೂಗಿದಳು. "ಅತ್ತೆ, ಸೋರ್ತಿದೆಯಾ?"

"ಇಲ್ಲ."

"ಒಳಗೆ ಬರ್ಲಾ?"

"ಬೇಡ. ಮಲಗೋಕೆ ಬಿಡು."

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಈ ಮಳೆಯಲ್ಲಿ, ಈ ಗಾಳಿಯಲ್ಲಿ, ತಾನು ಹೊಲಿದ ಟಾರ್ಪಾಲಿನ ಕೆಳಗೆ ಅತ್ತೆ ಬೆಚ್ಚಗೆ ನಿದ್ದೆ ಹೋಗುತ್ತಿದ್ದಾರೆ. ನೀರು ತಳ್ಳುತ್ತಲೇ ಅವಳು ಮನಸ್ಸಿನಲ್ಲಿ ಒಬ್ಬೊಬ್ಬರನ್ನೇ ನೆನೆದಳು. ಗಂಡನ ಚಾಳಿಗೆ, ಗುಜರಿಯವನ ಮೂಗಿಗೆ, ಇಂಚುಪಟ್ಟಿಯ ಏಣಿಗೆ, ಕೈಗೆ ಸಿಕ್ಕ ಆ ಹಗ್ಗಕ್ಕೆ, ಕೊನೆಗೆ ಬಿಚ್ಚು ಬಿಚ್ಚು ಎಂದು ಪ್ರಾಣ ತಿಂದು ಕಸುಬು ಕಲಿಸಿದ ಅತ್ತೆಗೆ. ಆ ಬಿಚ್ಚು ಇಲ್ಲದಿದ್ದರೆ ಈ ಹೊಲಿಗೆ ಎಲ್ಲಿ ಬರುತ್ತಿತ್ತು ಎಂದುಕೊಂಡಳು. ಒಂದು ಸಣ್ಣ ಆಸೆಯೂ ಹುಟ್ಟಿತು, ನಾವು ಸುಳ್ಳು ಹೇಳಬಾರದು. ಅತ್ತೆ ಎಚ್ಚರವಾದಾಗ ಟಾರ್ಪಾಲು ನೋಡಿ, ಒಂದು ಮಾತು, ಒಂದೇ ಒಂದು ಮಾತು ಒಳ್ಳೆಯದು ಹೇಳಬಹುದೇನೋ ಎಂದು.

ಸಂಜೆಯ ಹೊತ್ತಿಗೆ ಮಳೆ ನಿಂತಿತು. ಮೋಡ ಸರಿದು ಬಿಸಿಲು ಬಂತು. ಅವಳು ಒಂದು ಲೋಟ ಟೀ ಹಿಡಿದು ಬಾಗಿಲು ತಳ್ಳಿದಳು.

ಮೊದಲು ಕಂಡದ್ದು ಕೊಡೆ. ತೆರೆದ ಕೊಡೆ, ಪ್ಲಾಸ್ಟರ್ ಕಾಲಿನ ಮೇಲೆ ಗುಡಾರದಂತೆ ಕೂತಿತ್ತು. ಅದರ ಹಿಡಿಯನ್ನು ಅತ್ತೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಕಾಲು ಬಿಟ್ಟು ಉಳಿದ ಅತ್ತೆ ಕೊಡೆಯ ಆಚೆಗಿದ್ದರು. ತಲೆಗೂದಲು ಹಣೆಗೆ ಅಂಟಿತ್ತು, ಭುಜ ತೊಯ್ದಿತ್ತು, ಸೀರೆ ಎದೆಯ ಮೇಲೆ ಒದ್ದೆಯಾಗಿ ಮುದುಡಿತ್ತು. ದಿಂಬಿನಿಂದ ಹಿಡಿದು ಕೊಡೆಯ ಅಂಚಿನವರೆಗೆ ಹೊದಿಕೆಯ ಮೇಲೆ ನೀರಿನ ಒಂದೇ ಪಟ್ಟೆ, ಸೀಮೆಸುಣ್ಣದಲ್ಲಿ ಗೆರೆ ಎಳೆದಷ್ಟು ನೇರ.

ಅವಳು ತಲೆಯೆತ್ತಿದಳು. ನೀಲಿ, ಹಸಿರು ಕೂಡುವ ಜಾಗದಲ್ಲಿ, ಹೊಲಿಗೆಯುದ್ದಕ್ಕೂ, ಒಂದೊಂದು ಸೂಜಿ ತೂತಿಗೂ ಒಂದೊಂದು ಹನಿ ಸಾಲಾಗಿ ನೇತಾಡುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಅವಳ ಕೈಯಲ್ಲಿದ್ದ ಟೀ ಲೋಟ ಬೀರುವಿನ ಮೇಲೆ ಹೇಗೆ ಹೋಯಿತೋ ಅವಳಿಗೆ ಗೊತ್ತಿಲ್ಲ.

ಪ್ಲಾಸ್ಟರ್ ಮುಟ್ಟಿ ನೋಡಿದಳು. ಮೇಲಿನಿಂದ ಕೆಳಗಿನವರೆಗೆ, ಪಕ್ಕ, ಹಿಮ್ಮಡಿ, ಎಲ್ಲ ಮುಟ್ಟಿದಳು. ಬೆಳಿಗ್ಗೆ ಹೇಗಿತ್ತೋ ಹಾಗೇ ಒಣಗಿ ಗಟ್ಟಿಯಾಗಿತ್ತು. ಆಗ ಮಾತ್ರ ಅವಳಿಗೆ ಉಸಿರು ಬಂತು. ಕೊಡೆ ತೆಗೆಯಲು ಹೋದರೆ ಅತ್ತೆಯ ಬೆರಳುಗಳು ಹಿಡಿಯ ಸುತ್ತ ಮರಗಟ್ಟಿ ಹೋಗಿದ್ದವು. ಒಂದೊಂದೇ ಬೆರಳನ್ನು ನಿಧಾನವಾಗಿ ಬಿಡಿಸಬೇಕಾಯಿತು. ಒದ್ದೆ ಸೀರೆ ತೆಗೆದು, ತಲೆ ಒರೆಸಿ, ಒಣ ಬಟ್ಟೆ ಉಡಿಸಿ, ಕಾಲು ಅಲುಗದಂತೆ ಹೊದಿಕೆ ಬದಲಿಸಿ, ಕೈಗಳನ್ನು ತನ್ನ ಕೈಯೊಳಗೆ ಹಿಡಿದು ಉಜ್ಜಿದಳು.

"ಯಾಕೆ ಬಡೀಲಿಲ್ಲ ಅತ್ತೆ?" ಎಂದಳು ಕೊನೆಗೆ.

"ಬಡಿಯೋ ಕೊಡೆ ಬೇರೆ ಕೆಲಸದಲ್ಲಿತ್ತು."

"ನಾನು ಬಾಗಿಲಿಗೆ ಬಂದು ಕೇಳಿದೆನಲ್ಲ. ಇಲ್ಲ ಅಂದ್ರಿ."

"ಹೌದು ಅಂದಿದ್ರೆ ನೀನು ಸುಮ್ನಿರ್ತಿದ್ಯಾ?" ಎಂದರು ಅತ್ತೆ. "ಆ ಸುರಿಯೋ ಮಳೇಲಿ ಮತ್ತೆ ಏಣಿ ಹತ್ತುತಿದ್ದೆ. ಬೆಳಿಗ್ಗೆ ನೀನು ಜಾರಿದ್ದು ನನ್ನ ತಲೆ ಮೇಲೇ ಅಲ್ವಾ, ನಾನೇನು ಕಿವುಡಿನಾ? ನಿನ್ನ ಮೈ ಶೀಟಿನ ಮೇಲೆ ಸರ್‍ರ್ ಅಂದದ್ದು, ಆಮೇಲೆ ಸದ್ದೇ ಇಲ್ಲ. ಆ ಹಗ್ಗ ಸಿಗದಿದ್ರೆ?" ಅತ್ತೆ ಒಂದು ಕೈ ಬಿಡಿಸಿಕೊಂಡು ಹೊದಿಕೆ ಸರಿಮಾಡಿಕೊಂಡು, "ಒದ್ದೆ ಸೀರೆ ಒಣಗುತ್ತೆ. ಈ ಮನೆಗೆ ಮುರಿದ ಕಾಲು ಒಂದೇ ಸಾಕು" ಎಂದರು.

ಅವಳು ಅತ್ತೆಯ ಅಂಗೈಗೆ ಮುಖ ಒತ್ತಿಕೊಂಡಳು. "ನನ್ನ ತಲೆಗೆ ಏನಾಗಿತ್ತು ಅತ್ತೆ. ಟಾರ್ಪಾಲಿಗೆ ಯಾರಾದ್ರೂ ಹೊಲಿಗೆ ಹಾಕ್ತಾರಾ. ಇಷ್ಟು ವರ್ಷ ಸೂಜಿ ಹಿಡಿದವಳಿಗೆ ಅಷ್ಟು ಗೊತ್ತಾಗಲಿಲ್ಲ."

"ಸೂಜಿ ಹಿಡಿದವರಿಗೇ ಗೊತ್ತಾಗಲ್ಲ," ಎಂದರು ಅತ್ತೆ. ಆಮೇಲೆ, ಯಾರಿಗೂ ಹೇಳದ್ದನ್ನು ಹೇಳುವವರ ಹಾಗೆ ಬಾಗಿಲ ಕಡೆ ಒಮ್ಮೆ ನೋಡಿ, "ಹೊಸದಾಗಿ ಮದುವೆಯಾದಾಗ ನಿನ್ನ ಮಾವನಿಗೆ ಒಂದು ಮಳೆ ಕೋಟು ಹೊಲಿದಿದ್ದೆ. ಪ್ಲಾಸ್ಟಿಕ್ಕಿಂದು. ಬೆನ್ನ ನಡುವೆ ಹೊಲಿಗೆ, ಸಣ್ಣ ಸಣ್ಣದು, ಬಹಳ ಅಂದವಾಗಿ ಹಾಕಿದ್ದೆ. ಮಳೆಗಾಲ ಪೂರ್ತಿ ಅದನ್ನೇ ಹಾಕ್ಕೊಂಡು ಓಡಾಡಿದ್ರು. ಹೇಗಿದೆ ಅಂದ್ರೆ ಬೆಚ್ಚಗಿದೆ ಅನ್ನೋರು. ಒಂದಿನ ಒಗೆಯೋಕೆ ಅಂಗಿ ತಗೊಂಡು ನೋಡ್ತೀನಿ, ಬೆನ್ನ ಮೇಲೆ ಕತ್ತಿಂದ ಸೊಂಟದವರೆಗೆ ನೀರಿನ ಗೆರೆ."

"ಮಾವ ಏನಂದ್ರು?"

"ಏನಂತಾರೆ. ಬೆವರು ಕಣೇ ಅಂದ್ರು." ಅತ್ತೆ ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. "ಇವತ್ತು ಮೊದಲ ಹನಿ ಹಣೆ ಮೇಲೆ ಬಿದ್ದಾಗಲೇ ಗೊತ್ತಾಯ್ತು ಏನಾಗಿದೆ ಅಂತ. ಆಮೇಲೆ ಎರಡನೇದು, ಮೂರನೇದು, ಸಾಲಾಗಿ ಬಂದ್ವು. ಅವರ ನೆನಪು ಬಂತು. ಅವರು ಒಂದು ಮಳೆಗಾಲ ತಡ್ಕೊಂಡ್ರು. ನಾನು ಒಂದು ಮಧ್ಯಾಹ್ನ ತಡ್ಕೊಳ್ಳೋಕೆ ಆಗಲ್ವಾ?"

ಹೊರಗೆ ಇಂಚುಪಟ್ಟಿ, "ತಂಗೀ, ಎಲ್ಲ ಸರಿ ಇದೆಯಾ?" ಎಂದು ಕೂಗಿದ. ಅವಳು ಮೂಗು ಒರೆಸಿಕೊಂಡು ಎದ್ದಳು. ಬಿಸಿಲಿದೆ, ಶೀಟು ಒಣಗುತ್ತಿದೆ, ಕತ್ತಲಾಗುವ ಮೊದಲು ಕೆಲಸ ಮುಗಿಸಬೇಕು. ಈ ಸಲ ನಡುವಿಗೆ ಹಗ್ಗ ಕಟ್ಟಿಕೊಂಡೇ ಹತ್ತುವುದು ಎಂದು ಅತ್ತೆಗೆ ಮಾತು ಕೊಟ್ಟಳು. ಅಂಗಡಿಗೆ ಹೋಗಿ, ದಾರ ಕೀಳುವ ಚೂಪು ಕತ್ತರಿ ಹಿಡಿದು ಬಂದು, ಎಂದಿನ ಶಿಷ್ಯೆಯಂತೆ ಮಂಚದ ಪಕ್ಕ ನಿಂತಳು. ಇಂಥ ಹೊಲಿಗೆಗೆ ಈ ಮನೆಯಲ್ಲಿ ಒಂದೇ ತೀರ್ಪು ಎಂದು ಅವಳಿಗೆ ಗೊತ್ತಿತ್ತು, ಅತ್ತೆ ಹೇಳುವವರೆಗೆ ಕಾಯುವ ಅಗತ್ಯವೂ ಇರಲಿಲ್ಲ.

"ಬಿಚ್ಚಿಬಿಡ್ತೀನಿ ಅತ್ತೆ," ಎಂದಳು. "ಅಣ್ಣ ಹೇಳಿದ ಹಾಗೆ ಒಂದರ ಮೇಲೊಂದು ಹಾಸ್ತೀನಿ."

ಅತ್ತೆ ತಲೆ ದಿಂಬಿಗೆ ಆನಿಸಿ ಮೇಲೆ ನೋಡುತ್ತಿದ್ದರು. ಬಿಸಿಲು ಟಾರ್ಪಾಲಿನ ಮೇಲೆ ಬಿದ್ದು ಹೊಲಿಗೆಯ ಗೆರೆ ಈ ತುದಿಯಿಂದ ಆ ತುದಿಯವರೆಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅತ್ತೆ ಅದನ್ನು, ಗಿರಾಕಿಗೆ ಕೊಡುವ ಮೊದಲು ರವಿಕೆಯನ್ನು ನೋಡುವ ಹಾಗೆ, ತೋಳಿನಿಂದ ತೋಳಿಗೆ, ಅಂಚಿನಿಂದ ಅಂಚಿಗೆ ನೋಡಿದರು.

"ಮಧ್ಯಾಹ್ನದಿಂದ ಇದನ್ನೇ ನೋಡ್ತಾ ಮಲಗಿದ್ದೀನಿ," ಎಂದರು. "ಒಂದು ಹನಿನೂ ಗೆರೆ ತಪ್ಪಿ ಬೀಳಲಿಲ್ಲ. ನನ್ನ ಕೈಯಲ್ಲೂ ಇಷ್ಟು ನೇರ ಬಂದಿಲ್ಲ."

ಅವಳು ಕತ್ತರಿ ಹಿಡಿದುಕೊಂಡೇ ನಿಂತಳು.

"ಬಿಚ್ಚಬೇಡ," ಎಂದರು ಅತ್ತೆ. "ಮೇಣದಬತ್ತಿ ತಗೊಂಡು ಮೇಲಿಂದ ಉಜ್ಜು, ತೂತು ಮುಚ್ಚುತ್ತೆ. ಆ ಕೋಟಿಗೂ ಕೊನೆಗೆ ಹಾಗೇ ಮಾಡಿದ್ದೆ."

ಮೇಣದಬತ್ತಿ ಒಲೆಯ ಪಕ್ಕದ ಗೂಡಿನಲ್ಲೇ ಇತ್ತು, ಅದು ಅಲ್ಲೇ ಇರುವುದು. ಆದರೂ ಟೈಲರಮ್ಮ ಆ ದಿನ ಅದನ್ನು ಬಹಳ ಹೊತ್ತು ಹುಡುಕಿದಳು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹಿಂದಿನ ಗೋಡೆಗೆ ಕೊಡೆಯ ಹಿಡಿ ಬಿಡದೆ ಬಡಿಯತೊಡಗಿತು.

"ಬಂದೆ ಅತ್ತೆ," ಎಂದಳು.